ಅನುಪಮಾ ಅಳಿಸಿದ ಸಾಲು

"ಅಕ್ಕಾ, ಅವ್ವನ ಹಾಡಲ್ಲಿ ಸ್ವಾಮಿ ಹೆಸರೇ ಇಲ್ವಲ್ಲ?"

ಕುಣಿಗಲ್‌ನಿಂದ ಅಜ್ಜಿಯ ತಂಗಿ ಚಿಕ್ಕಜ್ಜಿ ಕೇಳಿದ್ದು ಫೋನಿನ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಗುಬ್ಬಿಯ ಮನೆಯಲ್ಲಿ ಕೂತಿದ್ದ ಅಜ್ಜಿ ಬಸವಲಿಂಗಮ್ಮ ಮೊಮ್ಮಗಳು ಅನುಪಮಾಳನ್ನು ನೋಡಿದರು.

ಅಜ್ಜಿಯ ತಾಯಿ ಕಟ್ಟಿದ ಹಾಡುಗಳು ಏಳು. ಯಾರೂ ಬರೆದಿಟ್ಟಿರಲಿಲ್ಲ. ಅಕ್ಕ ತಂಗಿಯರ ಬಾಯಲ್ಲೇ ಉಳಿದಿದ್ದವು. ಈಚೆಗೆ ಚಿಕ್ಕಜ್ಜಿಗೆ ಒಂದೊಂದೇ ಮರೆಯುತ್ತಿತ್ತು. ಅದಕ್ಕೇ ಅನುಪಮಾ ಅಜ್ಜಿಯಿಂದ ಕೇಳಿ, ಏಳನ್ನೂ ಟೈಪ್ ಮಾಡಿ, ಒಂದು ವೆಬ್‌ಸೈಟ್ ಮಾಡಿದ್ದಳು. ಕಂಪ್ಯೂಟರ್ ಕ್ಲಾಸಿನ ಸಂಗಮೇಶ್ ಸರ್ ಹೇಳಿಕೊಟ್ಟಂತೆ ಅದರ ಫೋಲ್ಡರನ್ನು ಎಳೆದು, ಎಲ್ಲರಿಗೂ ಕಾಣುವಂತೆ ಪೇಜುಗಳನ್ನು ಇಡುವ ಫ್ರೀ ಹೋಸ್ಟಿಂಗ್ ಸೈಟಿಗೆ ಹಾಕಿದ್ದಳು. ಲಿಂಕ್ ಬಂದ ಕೂಡಲೇ ಕುಣಿಗಲ್‌ಗೆ ಕಳಿಸಿದ್ದಳು.

ಅಜ್ಜಿ ಹೇಳಿದ ಎಲ್ಲ ಹಾಡಿನ ಕೊನೆಗೂ 'ಕೇಳಯ್ಯ ಹೊಸ್ತಿಲ ಸಿದ್ಧೇಶ' ಎಂಬ ಸಾಲಿತ್ತು.

"ಏಳು ಸಲ ಅದೇ ಬರ್ತಿತ್ತು ಅಜ್ಜಿ. ಪೇಜ್ ನೀಟಾಗಿ ಕಾಣ್ಲಿ ಅಂತ ಡಿಲೀಟ್ ಮಾಡ್ದೆ."

ಅಜ್ಜಿ ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನಮ್ಮವ್ವ ತನ್ನ ಹೆಸರು ಎಲ್ಲೂ ಹಾಕ್ಲಿಲ್ಲ ಕಣೇ. ಆ ಸಾಲು ಕೇಳುದ್ರೆ, ಇದು ಅವಳ ಹಾಡು ಅಂತ ಗೊತ್ತಾಗ್ತಿತ್ತು."

ಅನುಪಮಾ ಲ್ಯಾಪ್‌ಟಾಪ್ ತೆರೆದು ಏಳು ಕಡೆಯೂ ಆ ಸಾಲನ್ನು ಮತ್ತೆ ಟೈಪ್ ಮಾಡಿ ಸೇವ್ ಮಾಡಿದಳು. ಈಗ ನೋಡು ಎಂದು ಚಿಕ್ಕಜ್ಜಿಗೆ ಹೇಳಿದಳು.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಜ್ಜಿಯ ದನಿ ಸಣ್ಣಗೆ ಬಂತು. "ಇನ್ನೂ ಇಲ್ಲ ಮಗ. ಬುಡು, ನಂಗೇ ಮರೆತೋಗಿರ್ಬೇಕು. ಅವ್ವ ಹಂಗೆ ಹೇಳ್ತಿರ್ಲಿಲ್ವೇನೋ."

ಚಿಕ್ಕಜ್ಜಿಗೆ ಸರಿಯಾಗಿಯೇ ನೆನಪಿತ್ತು. ತಪ್ಪು ಪೇಜಿನಲ್ಲಿತ್ತು.

ಆಗ ಸರ್ ಮಾತು ನೆನಪಾಯಿತು. ತಿದ್ದಿದ್ದು ನಿಮ್ಮ ಹತ್ತಿರವೇ ಇರುತ್ತದೆ, ಜನ ನೋಡುವುದು ನೀವು ಮೊದಲು ಸೈಟಿಗೆ ಹಾಕಿದ ಕಾಪಿ, ತಿದ್ದಿದಾಗಲೆಲ್ಲ ಮತ್ತೆ ಹಾಕಬೇಕು ಎಂದಿದ್ದರು. ಅವಳು ಫೋಲ್ಡರನ್ನು ಇನ್ನೊಮ್ಮೆ ಎಳೆದು ಅದೇ ಸೈಟಿಗೆ ಹಾಕಿದಳು.

"ಚಿಕ್ಕಜ್ಜಿ, ಫೋನ್ ಇಡ್ಬೇಡ. ಬೆರಳಿಟ್ಟು ಪೇಜನ್ನ ಮೇಲಿಂದ ಕೆಳಕ್ಕೆ ಎಳಿ, ಹೊಸ್ದು ಬರುತ್ತೆ."

ಆಮೇಲೆ ಚಿಕ್ಕಜ್ಜಿ ಮೊದಲ ಹಾಡನ್ನು ಅಕ್ಷರ ಕೂಡಿಸಿ ಓದತೊಡಗಿದರು. ಕೊನೆಯ ಸಾಲಿಗೆ ಬಂದಾಗ ಓದುವ ದನಿ ಹೋಗಿ ಹಾಡುವ ದನಿ ಬಂತು. ಇಲ್ಲಿ ಅಜ್ಜಿಯೂ ಕಣ್ಣು ಮುಚ್ಚಿ ದನಿಗೂಡಿಸಿದರು.

ಎರಡನೇ ಹಾಡು ಮುಗಿಯುತ್ತ ಬಂತು. ಅನುಪಮಾ ಸ್ಕ್ರೀನ್ ನೋಡದೆ, ಅವರಿಬ್ಬರ ಜೊತೆ ಮೆಲ್ಲಗೆ ಹೇಳಿದಳು:

'ಕೇಳಯ್ಯ ಹೊಸ್ತಿಲ ಸಿದ್ಧೇಶ.'