ಮೆಣಸಿನಕಾಯಿ ಮನೆಯ ಸೊಸೆ

"ನನ್ನ ವಾಸನಿ ನಿಂಗ ಆಗಿಬರಂಗಿಲ್ಲೇನು?"

ದೊಡ್ಡಬಸವರಾಜ ಹಾಗೆ ಕೇಳಿದಾಗ ದಾಕ್ಷಾಯಣಿ ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮದುವೆಯಾಗಿ ಐದನೆಯ ದಿನ. ನೆಂಟರೆಲ್ಲ ಬೆಳಿಗ್ಗೆಯಷ್ಟೇ ಹೊರಟಿದ್ದರು, ಅತ್ತೆ ಗುಡಿಗೆ ಹೋಗಿದ್ದಳು. ಗಂಡ ಹೆಂಡತಿ ಇಬ್ಬರೇ ಎದುರುಬದುರಾಗಿದ್ದು ಅದೇ ಮೊದಲು!

ಅವನ ಕೈಯಲ್ಲಿ ಬಿಸಿ ಮಿರ್ಚಿ, ಮಂಡಕ್ಕಿ ಒಗ್ಗರಣೆಯ ಪೊಟ್ಟಣವಿತ್ತು. ಅವಳಿಗೆಂದೇ ತಂದಿದ್ದ. ಕೊಡಲು ಹತ್ತಿರ ಬಂದ, ಅಷ್ಟೇ... ಅವಳು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿಬಿಟ್ಟಳು.

'ಇಲ್ಲ ಅನ್ನು ದಾಕ್ಷಾಯಣಿ... ಹಂಗೇನಿಲ್ಲ ಅನ್ನು...'

ಅನ್ನಲಾಗಲಿಲ್ಲ. ಬಾಯಿ ಬಿಟ್ಟರೆ ಕೆಮ್ಮು ಬರುತ್ತಿತ್ತು. ಬಂದರೆ ನಿಲ್ಲುತ್ತಿರಲಿಲ್ಲ.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಪೊಟ್ಟಣವನ್ನು ಒಲೆಯ ಕಟ್ಟೆಯ ಮೇಲಿಟ್ಟು ಹೊರಟುಹೋದ.

ಅವನದು ಒಣ ಮೆಣಸಿನಕಾಯಿ ವ್ಯಾಪಾರ. ಕುರುಗೋಡಿನ ಸುತ್ತಲಿನ ರೈತರಿಂದ ಕೊಂಡು ಬಳ್ಳಾರಿಗೆ ಸಾಗಿಸುತ್ತಿದ್ದ. ರೇಟು ಏರುವವರೆಗೆ ಚೀಲಗಳೆಲ್ಲ ಮನೆಯ ಪಡಸಾಲೆಯಲ್ಲೇ ಇರುತ್ತಿದ್ದವು. ಅವನ ಅಂಗಿ, ಕೂದಲು, ಅಂಗೈ ಎಲ್ಲದಕ್ಕೂ ಅದೇ ಘಾಟು. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ದಾಕ್ಷಾಯಣಿಗೋ, ಚಿಕ್ಕಂದಿನಿಂದ ದಮ್ಮು! ಸಿರುಗುಪ್ಪದ ತವರಿನಲ್ಲಿ ಅಕ್ಕಿ ಗಿರಣಿಯ ಹೊಟ್ಟು ಹಾರಿ ಬರುವ ದಿನ ಕಿಟಕಿ ಹಾಕಿಕೊಂಡು ಕೂಡುತ್ತಿದ್ದವಳು. ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪನ್ನು ತಾಯಿಯೇ ಸೀರೆಗಳ ನಡುವೆ ಅಡಗಿಸಿ ಕಳಿಸಿದ್ದಳು.

"ದಮ್ಮು ಐತಿ ಅಂತ ಅಲ್ಲಿ ಯಾರ ಮುಂದನೂ ಬಾಯಿ ಬಿಡಬ್ಯಾಡವ್ವಾ. ರೋಗಿಷ್ಟಿನ್ನ ನಮಗ ಕಟ್ಟಿದ್ರು ಅಂತ ತಿರುಗಿ ಕಳಸ್ತಾರ."

ಆ ತಾಯಿಗೆ ಏನನ್ನಬೇಕೋ! ಒಳ್ಳೆ ಮನೆತನ, ಒಬ್ಬನೇ ಮಗ ಎಂದು ನೋಡಿದಳೇ ಹೊರತು ಪಡಸಾಲೆಯ ಕಡೆ ಕಣ್ಣು ಹಾಯಿಸಲಿಲ್ಲ.

ಎರಡು ತಿಂಗಳು ಕಳೆದವು. ದೊಡ್ಡಬಸವರಾಜ ಹೆಂಡತಿಯ ಹತ್ತಿರ ಸುಳಿಯುವುದನ್ನೇ ಬಿಟ್ಟ. ಹೊರಗಿನ ಬಚ್ಚಲಲ್ಲಿ ಗಂಟೆಗಟ್ಟಲೆ ಸಾಬೂನು ತಿಕ್ಕುತ್ತಿದ್ದ. ತಾಟು ತೆಗೆದುಕೊಂಡು ಮನೆ ಮುಂದಿನ ಕಟ್ಟೆಯ ಮೇಲೆ ಉಣ್ಣುತ್ತಿದ್ದ.

'ನನ್ನ ಮಾರಿ ನೋಡಾಕೂ ಇವರಿಗೆ ಮನಸ್ಸಿಲ್ಲ...' ಎಂದು ಅವಳು ಅಂದುಕೊಂಡಳು.

ಅವಳಿಗೆ ಸಾಕಾಗಿಹೋಗಿತ್ತು. ಬೆಳಿಗ್ಗೆ ಕಸ ಗುಡಿಸಿದರೆ ದಮ್ಮು, ಸಂಜೆ ಅತ್ತೆ ಲೋಬಾನದ ಹೊಗೆ ಹಾಕಿದರೆ ದಮ್ಮು, ಹಳೆಯ ಹತ್ತಿ ಗಾದಿಯ ಮೇಲೆ ಮಲಗಿದರೂ ದಮ್ಮು. ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆ ಹತ್ತಿ ಉಸಿರಾಡಿ ಬರುತ್ತಿದ್ದಳು. ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕಿದ ದಿನಗಳೂ ಇದ್ದವು.

ಅತ್ತೆ ಶಿವಬಸಮ್ಮ ಕೆಟ್ಟವಳಲ್ಲ. ಸೊಸೆ ಸೊರಗುತ್ತಿದ್ದಾಳೆ, ಮಗ ಮಾತು ಬಿಟ್ಟಿದ್ದಾನೆ. ಅವಳ ಲೆಕ್ಕಕ್ಕೆ ಕಾರಣ ಒಂದೇ: ದೃಷ್ಟಿ!

ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಸೊಸೆಯನ್ನು ಕೂರಿಸಿದಳು. ಕೈತುಂಬ ಮೆಣಸಿನಕಾಯಿ, ಉಪ್ಪು ಹಿಡಿದು ಮೂರು ಸಲ ನಿವಾಳಿಸಿದಳು.

"ಅತ್ತಿ... ನಾ ಹೊರಗ..."

"ಏಳಬಾರ್ದು ತಂಗಿ, ನೆಟ್ಟಗ ಕುಂದ್ರು. ಈಗ ಘಾಟು ಬರಲಿಲ್ಲಂದ್ರ ದೃಷ್ಟಿ ಭಾಳ ಆಗೈತಿ ಅಂತ ತಿಳಿ."

ಮೆಣಸಿನಕಾಯಿಯನ್ನು ಕೆಂಡಕ್ಕೆ ಸುರಿದಳು.

ಘಾಟು ಬಂತು. ಎಂಥ ಘಾಟು! ಶಿವಬಸಮ್ಮನಿಗೇ ಕೆಮ್ಮು ಹತ್ತಿತು. "ಏನೂ ದೃಷ್ಟಿ ಇಲ್ಲ ಬಿಡವ್ವ!" ಎನ್ನುತ್ತ ಕಣ್ಣೊರೆಸಿಕೊಂಡು ತಿರುಗಿದರೆ ಸೊಸೆಯ ತುಟಿ ನೀಲಿಗಟ್ಟಿತ್ತು. ಅವಳು ಗಂಟಲು ಹಿಡಿದುಕೊಂಡು ನೆಲಕ್ಕೆ ಬಿದ್ದಳು.

ಊಟಕ್ಕೆ ಬಂದ ದೊಡ್ಡಬಸವರಾಜ ಬಾಗಿಲು ದೂಡಿ ಒಳನುಗ್ಗಿದ. ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ.

"ಸೀರಿ... ಸೀರಿಯಾಗ... ಪಂಪು..."

ಶಿವಬಸಮ್ಮ ಸೀರೆಗಳನ್ನೆಲ್ಲ ಕಿತ್ತೆಸೆದು ಪಂಪು ಹುಡುಕಿ ತಂದಳು. ಅದನ್ನು ಎಳೆದುಕೊಂಡ ಮೇಲೆ ಅರ್ಧ ಉಸಿರು ಬಂತು. ಇನ್ನರ್ಧಕ್ಕೆ ಬಳ್ಳಾರಿಯ ಆಸ್ಪತ್ರೆಗೇ ಓಡಬೇಕಾಯಿತು.

ಮರುದಿನ ಡಾಕ್ಟರಮ್ಮ ಅವನನ್ನು ಸರಿಯಾಗಿ ಬೈದಳು. "ಮನೆಯೊಳಗೆ ಮೆಣಸಿನಕಾಯಿ ಚೀಲ ಬೇಡ, ಹೊಗೆ ಬೇಡ. ಒಣ ಕಸಬರಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆ ಗಾದಿ ತೆಗೀರಿ. ಔಷಧಿ ದಿನಾ ತಗೋಬೇಕು. ಇದನ್ನ ಮುಚ್ಚಿಟ್ಟು ಯಾರೂ ಉದ್ಧಾರ ಆಗಲ್ಲ!"

ಅವನು ಹಾಸಿಗೆಯ ಪಕ್ಕ ಕೂತ.

"ಅವತ್ತು ಮೂಗು ಮುಚ್ಚಿಕೊಂಡಿದ್ದು..."

"ಘಾಟಿಗೆ ರೀ. ನಿಮಗಲ್ಲ."

"ಎರಡು ತಿಂಗಳು ಚರ್ಮ ಸುಲಿಯೋವಂಗ ತಿಕ್ಕೊಂಡೀನಲ್ಲ! ನನ್ನ ಕಂಡ್ರ ನಿಂಗ ಹೇಸಿಗಿ ಅಂತ ತಿಳಕೊಂಡು... ಒಂದು ಮಾತು ಹೇಳಾಕ ಏನಾಗಿತ್ತು?"

ಅವಳ ಕಣ್ಣು ತುಂಬಿತು. "ಹೇಳಿದ್ರ ಇಟ್ಕೋತಿದ್ರೇನು? ಇದು ಸಾಯೋತನಕ ಇರೋದು ರೀ. ನಿಮ್ಮ ಮನಿ ಮೆಣಸಿನಕಾಯಿ ಮ್ಯಾಲ ನಿಂತೈತಿ. ಆ ಮನಿ ನನಗ ಹೊಂದಂಗಿಲ್ಲ. ನನ್ನ ಸಿರುಗುಪ್ಪಕ್ಕ ಬಿಟ್ಟುಬಿಡ್ರಿ. ನನಗ ಸಾಕಾಗೈತಿ..."

'ಬ್ಯಾಡ ಅನ್ರಿ... ಒಂದು ಸಲ ಬ್ಯಾಡ ಅನ್ರಿ...'

ಅವನು ಬೇಡ ಅನ್ನಲಿಲ್ಲ. ಮೂರನೆಯ ದಿನ ಸುಮ್ಮನೆ ಸಿರುಗುಪ್ಪಕ್ಕೆ ಕರೆದೊಯ್ದ. ಬಾಗಿಲಲ್ಲಿ ಅವಳ ಔಷಧಿ ಚೀಟಿಯನ್ನು ಮಾತ್ರ ಕೇಳಿ ಇಸಿದುಕೊಂಡು ತಿರುಗಿ ಹೋದ. ಮುಗಿಯಿತು ಎಂದುಕೊಂಡಳು ದಾಕ್ಷಾಯಣಿ. ತಾಯಿ ಹಣೆ ಹಣೆ ಬಡಿದುಕೊಂಡಳು.

ಒಂದು ದಿನ, ಎರಡು ದಿನ... ಹದಿನಾರು ದಿನ! ಫೋನಿಲ್ಲ. ಅಳಲಿಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಹದಿನೇಳನೆಯ ಬೆಳಿಗ್ಗೆ ಅವನು ಬಂದ. ಒಗೆದ ಬಿಳಿ ಅಂಗಿ, ಒದ್ದೆ ಕೂದಲು. ಹೊಸ್ತಿಲ ಹೊರಗೇ ನಿಂತ.

"ಒಳಗ ಬರ್ರಿ."

"ಮೊದಲು ಪೂರ್ತಿ ಕೇಳು. ಚೀಲ ಎಲ್ಲಾ ಬಳ್ಳಾರಿ ಕೋಲ್ಡ್ ಸ್ಟೋರೇಜಿಗೆ ಹೋದ್ವು. ಪಡಸಾಲಿ ಮೂರು ಸಲ ತೊಳದು ಸುಣ್ಣ ಹಚ್ಚೀನಿ. ಸುಣ್ಣದ ವಾಸನಿ ಹೋಗಲಿ ಅಂತ ಇಷ್ಟು ದಿನ ತಡದೆ. ಗಾದಿ ಹೊಸಾದು. ಆ ಚೀಟಿ ತೋರಿಸಿ ನಿನ್ನ ಔಷಧಿನೂ ತಂದಿಟ್ಟೀನಿ. ಅವ್ವ ಲೋಬಾನ ಬಿಟ್ಟು ದೀಪ ಅಷ್ಟ ಹಚ್ಚಾಕತ್ಯಾಳ. ಒಗ್ಗರಣಿ ಹಾಕೋದಿದ್ರೂ ಹಿತ್ತಲದಾಗ ಹಾಕ್ತಾಳ."

"ವ್ಯಾಪಾರ... ಬಿಟ್ರೇನು?"

"ಸುಳ್ಳು ಹೇಳಂಗಿಲ್ಲ. ಬಿಟ್ಟಿಲ್ಲ, ಬಿಟ್ರ ಉಣ್ಣೋದೇನು? ಊರ ಹೊರಗ ಬಾಡಿಗಿಗೆ ಒಂದು ಗೋಡೌನು ಹಿಡದೀನಿ. ಅಲ್ಲೇ ಜಳಕ ಮಾಡಿ, ಅಂಗಿ ಅಲ್ಲೇ ಬಿಟ್ಟು ಮನಿಗೆ ಬರ್ತೀನಿ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅವತ್ತು ಯಾಕ ಮಾತಾಡಲಿಲ್ಲ ನೀವು?"

"ಆ ಮನಿಗೆ ಬಾ ಅಂತ ಯಾವ ಬಾಯಿಲೆ ಅನ್ನಲಿ? ನಿನ್ನ ಜೀವ ತೆಗೀತಿತ್ತು ಆ ಮನಿ. ಇನ್ನೂ ಒಂದೈತಿ. ನಮ್ಮ ಮಂದಿಗೆಲ್ಲ ನಾನ ಹೇಳೀನಿ. ನನ್ನ ಹೆಂಡ್ತಿಗೆ ದಮ್ಮು ಐತಿ, ನಮ್ಮನಿಗೆ ಬರೋರು ನೋಡ್ಕೊಂಡು ಬರ್ರಿ ಅಂತ."

"ಎಲ್ಲಾರಿಗೂ?"

"ಎಲ್ಲಾರಿಗೂ. ಇನ್ನ ನೀ ಮುಚ್ಚಿಡೋದು ಏನೂ ಉಳಿದಿಲ್ಲ."

ದಾಕ್ಷಾಯಣಿ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಇಷ್ಟು ದಿನ ಬಾರದ ಅಳು ಈಗ ಬಂತು. ಅವನು ಅವಳ ಪಕ್ಕ ಕೂತ, ಒಂದು ಗೇಣು ಜಾಗ ಬಿಟ್ಟು. ಆ ಗೇಣನ್ನು ಅವಳೇ ಸರಿದು ಅಳಿಸಿದಳು.

"ನನಗ ಭಾಳ ದಣಿವಾಗೈತಿ ರೀ. ನಗಾಡಿಕೋತ ಬರಾಕ ಆಗಂಗಿಲ್ಲ ನನ್ನ ಕೈಲೆ."

"ನಗು ಯಾರು ಕೇಳ್ಯಾರ? ದಣದಂಗ ಬಾ, ದಾಕ್ಷಾಯಣಿ. ನಮ್ಮನಿಗೆ ಬಂದು ಮಲಕ್ಕೋ."