ಕೆಂಪಿಗೆ ಗೊತ್ತಿದ್ದ ರಾಗ

ಉರಿಗಾಂನಿಂದ ಬಂಗಾರಪೇಟೆಗೆ ಹೊರಟ ಬೆಳಗಿನ ರೈಲಿನಲ್ಲಿ ಅವತ್ತು ಎಷ್ಟು ಜನ ಇದ್ದರು ಗೊತ್ತೇ? ಒಬ್ಬ ಸೀನಿದರೆ ಇಡೀ ಬೋಗಿಯೇ ಮೂಗು ಒರೆಸಿಕೊಳ್ಳಬೇಕು, ಅಷ್ಟು!

ಆ ನೂಕುನುಗ್ಗಲಿನಲ್ಲಿ ಸೆಲ್ವಿಯ ಬೆನ್ನ ಹಿಂದೆ ಯಾರೋ ಮೆಲ್ಲಗೆ ಶಿಳ್ಳೆ ಹಾಕಿದರು.

ಅದೇ ರಾಗ!

ಇಪ್ಪತ್ತೈದು ವರ್ಷದಿಂದ ಹುಡುಕುತ್ತಿದ್ದ ರಾಗ. ಮೊಬೈಲಿಗೆ ಗುನುಗಿ ಕೇಳಿಸಿದ್ದಳು. ಅದು ಒಂದು ಕೋಟಿ ಹಾಡು ತಡಕಾಡಿ, ಸುಸ್ತಾಗಿ ಕೈಚೆಲ್ಲಿತ್ತು. ದುಡಿಯುತ್ತಿದ್ದ ಚಿನ್ನದ ಗಣಿ ಮುಚ್ಚಿದ ವರ್ಷವೇ ತೀರಿಕೊಂಡ ಅಪ್ಪನ ಮುಖ ಅವಳಿಗೆ ಮಸುಕು. ಅವನ ಸೊಂಟದ ಮೇಲೆ ಕೂತು ಕೇಳಿದ ಈ ರಾಗವೊಂದೇ ಉಳಿದಿದ್ದ ಆಸ್ತಿ.

ತಿರುಗಿದಳು. ಖಾಲಿ ಹಾಲಿನ ಕ್ಯಾನು ಹಿಡಿದ ಆ ಯುವಕ! ಆರು ತಿಂಗಳಿಂದ ದಿನಾ ಅವಳಿಗೆ ಸೀಟು ಬಿಟ್ಟುಕೊಟ್ಟು, ಒಂದು ಮಾತೂ ಆಡದೆ ನಿಲ್ಲುವವನು.

ಕೇಳಲು ಬಾಯಿ ತೆರೆದರೆ ಮಾತಿನ ಬದಲು ಕಣ್ಣೀರು ಇಳಿಯಿತು. ಬೇತಮಂಗಲದ ಕೆರೆ ಕೋಡಿ ಬಿದ್ದಾಗಲೂ ಅಷ್ಟು ನೀರು ಹರಿದಿಲ್ಲ, ನನ್ನಾಣೆ!

ಜನರಿಗೆ ಅಷ್ಟೇ ಸಾಕಾಯಿತು.

"ಏನ್ಲಾ, ಎಣ್ಮಗಳ ಇಂದೆ ನಿಂತ್ಕಂಡು ಶಿಳ್ಳೆ ಒಡೀತೀಯಾ?"

"ಇಲ್ಲಣ್ಣ, ಅಭ್ಯಾಸ ಅದು..."

"ಅಭ್ಯಾಸ ಬೇರೆ! ಇಳಿಸ್ರಲಾ ಇವನ್ನ."

ಕೋರಮಂಡಲ್‌ನಲ್ಲಿ ಅವನನ್ನು ಇಳಿಸಿಯೇಬಿಟ್ಟರು. ಸೆಲ್ವಿಯ ನಾಲಿಗೆ ಆಗಲೂ ಏಳಲಿಲ್ಲ. ರೈಲು ಹೊರಟಾಗ ಅವನು ಅವಳನ್ನೊಮ್ಮೆ ನೋಡಿದ... ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮೂರು ದಿನ ಅವನು ರೈಲಿಗೆ ಬರಲಿಲ್ಲ.

'ನಾನೇ ದೂರು ಹೇಳಿದೆ ಅಂದುಕೊಂಡಿದ್ದಾನೆ... ರಾಗವೂ ಹೋಯಿತು, ಅವನೂ ಹೋದ.'

ನಾಲ್ಕನೆಯ ದಿನ ಸಂಜೆ, ಅವನು ಬೋಗಿಯಲ್ಲೇ ಬಿಟ್ಟುಹೋಗಿದ್ದ, ತಾನು ಅವತ್ತೇ ಮನೆಗೆ ಒಯ್ದಿದ್ದ ಕ್ಯಾನು ಎತ್ತಿಕೊಂಡು ಹೊರಟಳು. ಅದರ ಮೇಲೆ ಬಣ್ಣದಲ್ಲಿ 'ಮುನೀಂದ್ರ' ಎಂದೂ, ಬಂಗಾರಪೇಟೆ ಪಕ್ಕದ ಅವನ ಹಳ್ಳಿಯ ಹೆಸರೂ ಇತ್ತು.

ಮುನೀಂದ್ರ ಕೊಟ್ಟಿಗೆಯಲ್ಲಿ ಕೆಂಪಿ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

"ಯಾರವ್ವ ನೀನು?" ಎಂದಳು ಅವನ ಅಜ್ಜಿ ಚಿಕ್ಕವೆಂಕಟಮ್ಮ.

"ಕ್ಯಾನು ಕೊಡೋಕೆ ಬಂದೆ ಅಜ್ಜಿ. ಇವರು ನನಗೇನೂ ಮಾಡ್ಲಿಲ್ಲ. ಆ ರಾಗ ಕೇಳಿ ಅಳು ಬಂತು. ಬಾಯಿ ಬಿಡೋಕಾಗ್ಲಿಲ್ಲ. ತಪ್ಪು ನಂದೇ."

ಮುನೀಂದ್ರ ತಲೆ ಎತ್ತಿದ.

"ಯಾವ ರಾಗಾನಮ್ಮ? ಅದು ಅಸು ಆಲು ಕರಿಯೋವಾಗ ಆಕೋ ಶಿಳ್ಳೆ." ಅಜ್ಜಿ ನಕ್ಕಳು. "ಉರಿಗಾಂನಾಗಿದ್ದಾಗ ನನ್ ಮಗ, ಇವ್ನಪ್ಪ ಮುನಿಸ್ವಾಮಪ್ಪ ಕಟ್ಟಿದ್ದು. ಆಲಿಗೆ ನೀರು ಬೆರೆಸ್ತಾನೆ ಅಂತ ಅಲ್ಲಿ ಗಣಿ ಕೆಲ್ಸದೋರ ಲೈನ್ ಮನೆಯೋರು ಅಸು ತರಿಸಿ ಬಾಗ್ಲಾಗೇ ಕರೆಸ್ತಿದ್ರು. ಗಣಿ ಸೈರನ್‌ಗೆ ಅಸು ಬೆದರ್ಬಾರ್ದು ಅಂತ ಶಿಳ್ಳೆ ಆಕ್ತಿದ್ದ. ಈ ಕೆಂಪಿ ವಂಶಕ್ಕೇ ಅದಿಲ್ದೆ ಆಲು ಇಳಿಯಲ್ಲ. ಈ ಮಾರಾಯ ಮೂರು ದಿನದಿಂದ ಬಾಯಿ ಮುಚ್ಕಂಡವ್ನೆ. ಕೆಂಪಿ ಅರ್ಧಕ್ಕರ್ಧ ಆಲು ಮೇಲಕ್ಕೆ ಎಳ್ಕಂಡವ್ಳೆ."

ಸೆಲ್ವಿಯ ಕಣ್ಣ ಮುಂದಿನ ಮಸುಕು ಸರಿಯಿತು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ... ಲೈನ್ ಮನೆಯ ಬಾಗಿಲು... ಚೊಂಬಿನ ಬಿಸಿ ನೊರೆ. ತನ್ನ ಮೂಗಿಗೆ ಹತ್ತಿದ ನೊರೆ ಒರೆಸುತ್ತಾ ನಗುವ ಅವನ ಮುಖ, ಹುಬ್ಬಿನ ಮೇಲಿನ ಗಾಯದ ಗುರುತಿನ ಸಮೇತ!

ಅಳುತ್ತಲೇ ಅವಳು ಆ ರಾಗ ಗುನುಗಿದಳು. ಕೆಂಪಿ ಕಿವಿ ನಿಮಿರಿಸಿತು. ಆಮೇಲೆ ಇಳಿದ ಹಾಲಿಗೆ ಬಕೆಟ್ಟು ಸಾಲದೆ ಇಡೀ ಬೀದಿಯ ಪಾತ್ರೆಗಳನ್ನೆಲ್ಲ ತರಿಸಬೇಕಾಯಿತು!

"ನೀವೇ ಹಾಲು ಕರೆಸ್ಬಿಟ್ರಲ್ಲ," ಮುನೀಂದ್ರ ಕೊನೆಗೂ ನಕ್ಕ.

"ನಾಳೆ ರೈಲಿಗೆ ಬನ್ನಿ."

"ಮತ್ತೆ ಇಳಿಸ್ತಾರೆ."

"ಪಕ್ಕದಲ್ಲಿ ಕೂರಿಸ್ಕೊತೀನಿ. ನಮ್ಮೋರು ಅಂತ ಎಲ್ಲರ ಮುಂದೆ ಹೇಳ್ತೀನಿ."

"ಏನಾಗ್ಬೇಕು ಅಂತ ಕೇಳ್ತಾರೆ."

"ನನ್ನ ಮದ್ವೆ ಆಗೋರು ಅಂತೀನಿ." ಅವಳು ಕ್ಯಾನನ್ನು ಅವನ ಮುಂದೆ ಇಟ್ಟಳು. "ಸುಳ್ಳಾಗುತ್ತಾ?"

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ನಿಂತ.

"ಸುಳ್ಳಾಗಕ್ಕೆ ನಾನು ಬಿಡಲ್ಲ."