ನಾಲ್ಕರ ಮನೆ

ಮೀಸೆ ಇಲ್ಲದ ಎರ್ರಿಸ್ವಾಮಿಯನ್ನು ಭರಮಸಾಗರದ ಜನ ಇನ್ನೂ ನೋಡಿರಲಿಲ್ಲ. ನೋಡಲೇಬೇಕೆಂದು ಹಟ ಹಿಡಿದಿದ್ದವನು ಅವನ ಹೆಂಡತಿಯ ಅಣ್ಣ ಮೂರ್ತಪ್ಪ. ಹಾಲು ಕರೆಯುವ ಸ್ಪರ್ಧೆಯಲ್ಲಿ ಹೋದ ವರ್ಷವೂ ಅವನ ಹಸುವೇ ಗೆದ್ದಿತ್ತು.

"ಏನಪ್ಪ ಎರ್ರಿಸ್ವಾಮಿ, ನಿನ್ ಹಸು ಹಾಲು ಕೊಡ್ತೈತೋ, ಬರೀ ಸಗಣಿನೋ?" ಎಂದು ಮೂರ್ತಪ್ಪ ಕೆಣಕಿದ.

ಟೀ ಅಂಗಡಿಯ ನಗು ನಿಲ್ಲುವ ಮೊದಲೇ ಎರ್ರಿಸ್ವಾಮಿ ಪಂಥ ಕಟ್ಟಿಬಿಟ್ಟ: ಈ ಸಲ ಸೋತವನು ಬಸ್ ಸ್ಟ್ಯಾಂಡಿನಲ್ಲೇ ಮೀಸೆ ಬೋಳಿಸಿಕೊಳ್ಳಬೇಕು.

ಮನೆಗೆ ಬರುವಷ್ಟರಲ್ಲಿ ಹೆದರಿಕೆ ಶುರುವಾಯಿತು. ಮಲಗುವಷ್ಟರಲ್ಲಿ ಉಪಾಯ ಹೊಳೆದಿತ್ತು. ಸ್ಪರ್ಧೆಯ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿಗೆ ಬರುವುದು ಅವನ ಅಂಗಡಿಗೇ. ಆ ತಕ್ಕಡಿ ತೂಕವನ್ನು, ಜನರಿಗೆ ಅಂಕಿ ತೋರಿಸುವ ದೊಡ್ಡ ಬೋರ್ಡಿಗೆ, ಯಾವ ಭಾಷೆಯಲ್ಲಿ ಹೇಳುತ್ತದೆಂದು ಚಿತ್ರದುರ್ಗದ ಸಂಜೆ ಕ್ಲಾಸಿನಲ್ಲಿ ಕಲಿತಿದ್ದ. ಕಿಲೋ ಎಂದರೆ ಒಂದು ಸಾಲು ಮನೆಗಳು: ಎಂಟರ ಮನೆ, ನಾಲ್ಕರದು, ಎರಡರದು, ಒಂದರದು. ಪ್ರತಿ ಮನೆಯಲ್ಲೂ ಸೊನ್ನೆ, ಇಲ್ಲವೇ ಒಂದು; ಒಂದಿರುವ ಮನೆಗಳನ್ನು ಕೂಡಿದರೆ ತೂಕ. ಅವನ ಹಸು ದಿನಾ ಬೆಳಿಗ್ಗೆ ಕೊಡುವುದು ಹನ್ನೊಂದು ಕಿಲೋ. ಎಂಟು, ಎರಡು, ಒಂದು ತುಂಬಿರುತ್ತವೆ, ನಾಲ್ಕರ ಮನೆ ಖಾಲಿ. ಅದೊಂದನ್ನು ತುಂಬಿಸಿದರೆ ಹದಿನೈದು! ಮೂರ್ತಪ್ಪನ ಹಸು ಹದಿಮೂರು ದಾಟುವುದಿಲ್ಲ.

ಸಾಲಿನ ಕೊನೆಗೆ ಒಂದು ಕಾವಲು ಮನೆಯೂ ಇತ್ತು. ಅದನ್ನೂ ಸೇರಿಸಿ ಕಳಿಸುವ ಒಂದುಗಳು ಯಾವಾಗಲೂ ಸಮಸಂಖ್ಯೆಯಲ್ಲಿರಬೇಕು, ತಪ್ಪಿದರೆ ಬೋರ್ಡು ಕೂಗಿಕೊಳ್ಳುತ್ತದೆ. ಅದಕ್ಕೆ ಅವನು ನಾಲ್ಕರ ಮನೆಯನ್ನೂ ಕಾವಲು ಮನೆಯನ್ನೂ ಒಟ್ಟಿಗೇ ಮಗುಚುವಂತೆ ಮಾಡಿದ: ಖಾಲಿಯಿದ್ದರೆ ತುಂಬುತ್ತದೆ, ತುಂಬಿದ್ದರೆ ಖಾಲಿಯಾಗುತ್ತದೆ. ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ, ಸಮ ಸಮವಾಗಿಯೇ ಉಳಿಯುತ್ತದೆ. ಎಷ್ಟು ಸೊಗಸು! ಕುಣಿಯಬೇಕೆನಿಸಿತು.

"ಏನ್ರಿ, ಒಬ್ರೇ ನಗ್ತಿದೀರಿ?" ಎಂದಳು ಹೆಂಡತಿ ನಿಂಗಕ್ಕ.

"ಹಸು ನೆನಪಾತು ಕಣೆ."

"ನನ್ ನೆನಪಾಗಿ ಯಾವತ್ತಾದ್ರೂ ನಕ್ಕಿದೀರಾ?"

ಹಾಗೆ ಮಗುಚುವ ಬೆರಳುಗುರಿನಷ್ಟು ಚಿಪ್ ತಕ್ಕಡಿಯ ವೈರಿನೊಳಗೆ ಅಡಗಿತು. ಅದನ್ನು ಎಬ್ಬಿಸುವ ಆಟಿಕೆ ಕಾರಿನ ರಿಮೋಟು ಅವನ ಜೇಬು ಸೇರಿತು. ಖಾಲಿ ಬಕೆಟ್ಟಿಗೆ ಒತ್ತುವಂತಿಲ್ಲ, ಬೇರೆಯವರ ಹಾಲಿಗೆ ಒತ್ತುವಂತಿಲ್ಲ. ತನ್ನ ಹಸುವಿನ ಹಾಲು ತಕ್ಕಡಿ ಏರಿದಾಗ ಮಾತ್ರ.

ಸ್ಪರ್ಧೆಯ ದಿನ ಮೂರ್ತಪ್ಪನ ಹಸು ಹದಿಮೂರು ಕೊಟ್ಟಿತು. ಎಣಿಸಿದಂತೆಯೇ! ಆಮೇಲೆ ನಿಂಗಕ್ಕ ಕರೆಯಲು ಕುಳಿತಳು. ಎರ್ರಿಸ್ವಾಮಿ ಅತ್ತ ನೋಡಲೇ ಇಲ್ಲ, ಬೋರ್ಡಿನ ಧೂಳು ಒರೆಸುವ ನೆಪದಲ್ಲಿ ನಿಂತಿದ್ದ. ನೊರೆಯೇರಿದ ಬಕೆಟ್ಟು ತಕ್ಕಡಿಯ ಮೇಲೆ ಕುಳಿತಿತು. ಜೇಬಿನೊಳಗೆ ಹೆಬ್ಬೆರಳು ಒತ್ತಿತು.

ಬೋರ್ಡಿನಲ್ಲಿ ಹನ್ನೊಂದು ಬೆಳಗಿತು.

ರಿಮೋಟಿನ ಸೆಲ್ಲು ಹೋಗಿರಬೇಕು! ಇನ್ನೊಮ್ಮೆ ಒತ್ತೋಣವೆಂದರೆ ಹಾಲು ಆಗಲೇ ಡೈರಿ ಕ್ಯಾನಿಗೆ ಬಿದ್ದಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಕುರ್ಚಿ ಸಿದ್ಧವಿತ್ತು. "ಬರ್ರಿ ಭಾವ, ಕುಂತ್ಕಳ್ರಿ, ನಾಚ್ಕೋಬ್ಯಾಡ್ರಿ," ಎಂದು ಮೂರ್ತಪ್ಪ ತಾನೇ ಸೋಪು ಹಚ್ಚಿದ. ಎರ್ರಿಸ್ವಾಮಿ ಕುಳಿತು ಗಲ್ಲ ಎತ್ತಿದ.

ಕತ್ತಿ ತುಟಿಯ ಮೇಲೆ ಇಳಿಯುವಾಗ ನಿಂಗಕ್ಕ ಪಕ್ಕದಲ್ಲಿ ನಿಂತು ಗೊಣಗುತ್ತಿದ್ದಳು: "ಆ ತಕ್ಕಡಿಗೆ ಏನೋ ಆಗೈತೆ ಕಣ್ರಿ. ಮನೇಲಿ ದಿನಾ ಒಂದು ಮೊಲೆ ಕರುಗೆ ಬಿಟ್ಟು ಮೂರೇ ಹಿಂಡ್ತೀನಿ, ಅದಕ್ಕೇ ಹನ್ನೊಂದು ಬರ್ತೈತೆ. ಇವತ್ತು ನಾಲ್ಕೂ ಹಿಂಡಿದೀನಿ. ಹದಿನೈದಕ್ಕೆ ಒಂದು ತೊಟ್ಟೂ ಕಮ್ಮಿ ಇರ್ಲಿಲ್ಲ!"